ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲಿನ ಟ್ರಿಗರ್ ಬಿಗಿಯೇ? ಮೊದಲು ತೂಕ ನೋಡಿ

ಹೊಸ ಮ್ಯಾಚ್ (ಸ್ಪರ್ಧೆಯ) ಏರ್ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಹಾಗಾಗಿ ಮಂಗಳೂರಿನಲ್ಲಿ 10 ಮೀಟರ್ ಶೂಟಿಂಗ್ ಶುರು ಮಾಡುವವರು ಬಳಸಿದ ಪಿಸ್ತೂಲು ಹುಡುಕುವುದು ಸಹಜ. ಮನೆಗೆ ತಂದ ಮೇಲೆ ಮೊದಲ ದೂರು ಒಂದೇ: ಟ್ರಿಗರ್ ತುಂಬಾ ಬಿಗಿ. ಕೂಡಲೇ ಅಲೆನ್ ಕೀ ಹಿಡಿಯಬೇಡಿ ಮಾರಾಯ್ರೆ. ಬಿಗಿ ಅನ್ನಿಸುವುದು ಬೇರೆ, ತೂಕ, ಅಂದರೆ ಟ್ರಿಗರ್ ಬಿಡಲು ಬೇಕಾದ ಎಳೆತ, ನಿಜವಾಗಿ ಜಾಸ್ತಿ ಇರುವುದು ಬೇರೆ.

ಪೆಲೆಟ್ (ಸೀಸದ ಸಣ್ಣ ಗುಂಡು) ಒಳಗಿಲ್ಲ ಎಂದು ಎರಡು ಸಲ ನೋಡಿ. ಡ್ರೈ ಫೈರ್, ಅಂದರೆ ಗುಂಡು ಹಾರಿಸದೆ ಟ್ರಿಗರ್ ಮಾತ್ರ ಎಳೆಯುವ ಸೌಲಭ್ಯ ಇದ್ದರೆ ಅದಕ್ಕೆ ಹಾಕಿ. ಮಕ್ಕಳನ್ನು ಆಚೆ ಕಳಿಸಿ. ಎಷ್ಟೇ ಖಾಲಿ ಇದ್ದರೂ ನಳಿಗೆ ಯಾರ ಕಡೆಗೂ ತಿರುಗಬಾರದು.

ಈಗ ತೂಕ. ಸ್ಪರ್ಧೆಯ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಹೊರಬೇಕು. ಒಂದು ಪ್ಲಾಸ್ಟಿಕ್ ಬಾಟಲಿಗೆ ತಂತಿಯ ಕೊಕ್ಕೆ ಕಟ್ಟಿ, ನೀರು ತುಂಬಿ, ಒಟ್ಟು 500 ಗ್ರಾಂ ಆಗುವಂತೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಪಿಸ್ತೂಲನ್ನು ಕಾಕ್ ಮಾಡಿ (ಟ್ರಿಗರ್ ಎಳೆಯಲು ಸಜ್ಜು ಮಾಡಿ), ನಳಿಗೆ ನೇರ ಮೇಲಕ್ಕೆ ಇರುವಂತೆ ಹಿಡಿಯಿರಿ. ಕೊಕ್ಕೆಯನ್ನು ಟ್ರಿಗರಿನ ನಡುವೆ ಸಿಕ್ಕಿಸಿ, ಬಾಟಲಿಯನ್ನು ನಿಧಾನವಾಗಿ ನೆಲದಿಂದ ಎತ್ತಿ. ಟ್ರಿಗರ್ ಬಿಡದಿದ್ದರೆ ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಹೋಗಿ. ಯಾವಾಗ ಬಿಡುತ್ತದೋ ಆಗಿನ ಬಾಟಲಿಯ ತೂಕವೇ ನಿಮ್ಮ ಟ್ರಿಗರಿನ ತೂಕ.

ತೂಕ 500ರ ಆಸುಪಾಸಿನಲ್ಲೇ ಇದ್ದು, ಬೆರಳಿಗೆ ಮಾತ್ರ ಬಿಗಿ ಅನ್ನಿಸಿದರೆ ತಪ್ಪು ಹಿಡಿಯಲ್ಲಿದೆ. ಬಳಸಿದ ಪಿಸ್ತೂಲಿನ ಮರದ ಹಿಡಿ ಹಳೆ ಮಾಲೀಕರ ಅಂಗೈಗೆ ಕೆತ್ತಿದ್ದಲ್ವಾ? ನಿಮಗೆ ಅದು ದೊಡ್ಡದಾದರೆ ಬೆರಳು ಟ್ರಿಗರಿಗೆ ಸರಿಯಾಗಿ ತಲುಪುವುದಿಲ್ಲ. ಆಗ ನೇರ ಹಿಂದಕ್ಕೆ ಎಳೆಯುವ ಬದಲು ಓರೆಯಾಗಿ ಎಳೆಯುತ್ತೀರಿ. ಅಷ್ಟೇ ತೂಕ ಎರಡು ಪಟ್ಟು ಅನ್ನಿಸುತ್ತದೆ, ಗುರಿಯೂ ಪಕ್ಕಕ್ಕೆ ಸರಿಯುತ್ತದೆ. ಎಷ್ಟೋ ಪಿಸ್ತೂಲುಗಳಲ್ಲಿ ಟ್ರಿಗರನ್ನೇ ಹಿಂದೆ ಮುಂದೆ ಸರಿಸಬಹುದು. ಮೊದಲು ಅದನ್ನು ಸರಿಮಾಡಿ. ಬೆರಳ ತುದಿಯ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಕೂತು, ಬೆರಳಿನ ಉಳಿದ ಭಾಗ ಹಿಡಿಗೆ ತಾಗದಂತಿರಲಿ.

ತೂಕ ನಿಜಕ್ಕೂ ಜಾಸ್ತಿ ಇದ್ದರೆ ನಮ್ಮ ಊರಿನ ಹವೆಯನ್ನೂ ಸ್ವಲ್ಪ ಅನುಮಾನಿಸಿ. ಉಳ್ಳಾಲ, ಸುರತ್ಕಲ್, ಮಲ್ಪೆ ಕಡೆಯ ಉಪ್ಪು ಗಾಳಿ, ಮಳೆಗಾಲದ ಆಟಿ ತಿಂಗಳ ತೇವ ಎರಡೂ ಉಕ್ಕಿಗೆ ಶತ್ರು. ಹಳೆ ಎಣ್ಣೆ ಅಂಟಾಗಿ ಧೂಳು ಹಿಡಿದಿರುತ್ತದೆ. ಗಾಳಿ ಸಿಲಿಂಡರ್ ಬಿಚ್ಚಿಟ್ಟು, ಹತ್ತಿಕಡ್ಡಿಯಿಂದ ಕೈಗೆ ಸಿಗುವಷ್ಟು ಜಾಗ ಒರೆಸಿ. ಎಣ್ಣೆ ಬೇಕೆಂದರೆ ತಯಾರಕರು ಹೇಳಿದ್ದನ್ನೇ, ಒಂದೇ ಹನಿ. ತೆಂಗಿನೆಣ್ಣೆ ಬೇಡವೇ ಬೇಡ, ಅದು ಮತ್ತೆ ಅಂಟಾಗುತ್ತದೆ.

ಕೊನೆಗೆ ಸ್ಕ್ರೂ. ಮೊದಲು ಫೋಟೋ ತೆಗೆದಿಡಿ. ಮ್ಯಾಚ್ ಟ್ರಿಗರಿನಲ್ಲಿ ಸಾಮಾನ್ಯವಾಗಿ ಎರಡು ಹಂತ: ಮೊದಲು ಮೆಲ್ಲನೆ ಹಿಂದೆ ಸರಿಯುವುದು, ಆಮೇಲೆ ಒಂದು ತಡೆ, ಅದನ್ನು ದಾಟಿದರೆ ಗುಂಡು. ಎರಡಕ್ಕೂ ಬೇರೆ ಬೇರೆ ಸ್ಕ್ರೂ ಇರುತ್ತದೆ. ಯಾವುದು ಯಾವುದಕ್ಕೆ ಎಂದು ಆ ಮಾಡೆಲ್‌ನ ಕೈಪಿಡಿ ನೋಡಿಯೇ ಮುಟ್ಟಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಕಾಲು ಸುತ್ತು ಮಾತ್ರ. ಪ್ರತಿ ಸಲ ಬಾಟಲಿ ಎತ್ತಿ ನೋಡಿ. ತೂಕದ ಹೆಚ್ಚಿನ ಪಾಲು ಮೊದಲ ಹಂತದಲ್ಲಿರಲಿ. ಹೊಸಬರಿಗೆ ನನ್ನ ಸಲಹೆ ಇದೇ. 500ಕ್ಕೆ ಸರಿಯಾಗಿ ನಿಲ್ಲಿಸದೆ ಹತ್ತಿಪ್ಪತ್ತು ಗ್ರಾಂ ಮೇಲೆಯೇ ಬಿಡಿ. ಸ್ಪರ್ಧೆಯ ದಿನದ ತಪಾಸಣೆಯಲ್ಲಿ ತೂಕ ಎತ್ತದಿದ್ದರೆ ಫಜೀತಿ.

ಆಮೇಲೆ ಖಾಲಿ ಪಿಸ್ತೂಲನ್ನು ಕಾಕ್ ಮಾಡಿ, ಅಂಗೈಯಿಂದ ಮೆಲ್ಲನೆ ತಟ್ಟಿ. ತಾನಾಗಿ ಬಿಟ್ಟರೆ ಅದು ಅಪಾಯ, ಸ್ಕ್ರೂ ಮೊದಲಿನ ಜಾಗಕ್ಕೆ ತನ್ನಿ. ಸ್ಪ್ರಿಂಗ್ ಕತ್ತರಿಸುವುದು, ಒಳಗಿನ ಕೊಕ್ಕೆಯ ಅಂಚು ಅರದಿಂದ ಉಜ್ಜುವುದು ಬೇಡ. ಅಲ್ಲಿ ಸವೆದಿದ್ದರೆ ಕೆಲಸ ಬಲ್ಲ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಕೈಗೆ ಕೊಡಿ. ಲೈಸೆನ್ಸ್ ಇರುವ ತೋಟಾ ಪಿಸ್ತೂಲಾದರೆ ಮನೆಯಲ್ಲಿ ಬಿಚ್ಚುವ ಮಾತೇ ಇಲ್ಲ. ಅದರ ರಿಪೇರಿ ಮಾಡುವವರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇರಬೇಕು.