ಟ್ಯಾಂಕಿನಿಂದ ಕೊನೆಯ ನಳದವರೆಗೆ ನೀರನ್ನು ಕಾಪಾಡುವುದು ಹೇಗೆ?

ಮಲಪ್ರಭೆಯ ನೀರು ಶುದ್ಧೀಕರಣ ಘಟಕ ದಾಟಿ ಹುಬ್ಬಳ್ಳಿ–ಧಾರವಾಡದ ಕಡೆ ಹೊರಡುವಾಗ ಚೊಕ್ಕಟವಾಗಿಯೇ ಇರುತ್ತದೆ. ಕೆಡುವುದು ಹೆಚ್ಚಾಗಿ ಆಮೇಲೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಓಣಿಗಳಲ್ಲಿ ಪೈಪು ಖಾಲಿ ಬಿದ್ದಾಗ ಒಳಗೆ ಒತ್ತಡ ಇರುವುದಿಲ್ಲ. ಗಟಾರಿನ ಪಕ್ಕದ ಸಡಿಲ ಜಾಯಿಂಟ್‌ನಿಂದ ಕೊಳಚೆ ಒಳಗಿಳಿಯುತ್ತದೆ. ನಳಕ್ಕೇ ಮೋಟರ್ ಹಚ್ಚುವವರು ಅದನ್ನು ಇನ್ನಷ್ಟು ಎಳೆದುಕೊಳ್ಳುತ್ತಾರೆ. ನೀರು ಬಂದ ಮೊದಲ ಹತ್ತು ನಿಮಿಷದ್ದು ಬಟ್ಟೆ, ಅಂಗಳಕ್ಕಿರಲಿ.

ಊರ ಓವರ್‌ಹೆಡ್ ಟ್ಯಾಂಕಿಗೆ ಎರಡು ಬೀಗ ಬೇಕು: ಏಣಿಯ ಬಾಗಿಲಿಗೊಂದು, ಮೇಲಿನ ಮುಚ್ಚಳಕ್ಕೊಂದು. ಯಾರು ಯಾವಾಗ ಹತ್ತಿದರೆಂದು ನೀರಗಂಟಿ ವಹಿಯಲ್ಲಿ ಬರೆದಿಡಬೇಕು. ಓವರ್‌ಫ್ಲೋ ಮತ್ತು ಗಾಳಿ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿ. ಪಾರಿವಾಳ, ಹಲ್ಲಿ ಒಳಹೋಗುವ ದಾರಿ ಅದೇ. ಬೀಗ ಮುರಿದಿದ್ದರೆ ಹೊರಹೋಗುವ ವಾಲ್ವ್ ಬಂದ್ ಮಾಡಿ, ಪೊಲೀಸರಿಗೂ ಪಂಚಾಯಿತಿಗೂ ತಿಳಿಸಿ. ಗಾಬರಿಯಿಂದ ಟ್ಯಾಂಕ್ ಖಾಲಿ ಮಾಡಬೇಡಿ, ಪರೀಕ್ಷೆಗೆ ಮಾದರಿಯೇ ಉಳಿಯುವುದಿಲ್ಲ.

ಇನ್ನು ಬ್ಲೀಚಿಂಗ್ ಪೌಡರ್. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಲೆಕ್ಕದಲ್ಲಿ 50,000 ಲೀಟರಿಗೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರಿನಲ್ಲಿ ಕ್ಲೋರಿನ್ ಸತ್ವ ಶೇ 25 ಇದ್ದರೆ ಪೌಡರು 400 ಗ್ರಾಂ ಆಯಿತು. ಬಾಯಿ ತೆರೆದಿಟ್ಟ ಚೀಲ ಬೇಸಿಗೆಯಲ್ಲಿ ಸತ್ವ ಕಳೆದುಕೊಳ್ಳುತ್ತದೆ. ‘ದಿನಾ ಹಾಕ್ತೀವ್ರಿ’ ಎಂದರೂ ನಳದಲ್ಲಿ ಕ್ಲೋರಿನ್ ಸಿಗದಿರಲು ಇದೇ ದೊಡ್ಡ ಕಾರಣ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ, ಅರ್ಧ ತಾಸು ಬಿಟ್ಟು, ತಿಳಿಯನ್ನು ಮಾತ್ರ ಟ್ಯಾಂಕ್ ತುಂಬುತ್ತಿರುವಾಗ ಸುರಿಯಿರಿ. ತಳದ ಸುಣ್ಣ ಒಳಗೆ ಬಿದ್ದರೆ ವಾಲ್ವ್ ಕಟ್ಟಿಕೊಳ್ಳುತ್ತದೆ. ತುಂಬಿದ ಮೇಲೆ ಅರ್ಧ ತಾಸು ಕಾಯದೆ ನೀರು ಬಿಡಬಾರದು. ಪೌಡರಿನ ಹತ್ತಿರ ಆ್ಯಸಿಡ್ ಬಾಟಲಿ ಇಡಲೇಬೇಡಿ: ಎರಡೂ ಕೂಡಿದರೆ ವಿಷಗಾಳಿ.

ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ಮುಗಿಸುವುದು ರೂಢಿ. ಮಾಡಬೇಕಾದದ್ದು ಕೊನೆಯ ಮನೆಯ ನಳದಲ್ಲಿ. ಕ್ಲೋರಿನ್ ಅಳೆಯುವ ಡಿಪಿಡಿ ಗುಳಿಗೆ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ತೋರಿಸಬೇಕು. ಟ್ಯಾಂಕಿನ ಬಳಿ 0.5 ಇದ್ದು ಕೊನೆಗೆ ಸೊನ್ನೆಯಾದರೆ ನಡುವಿನ ಗಟಾರು ದಾಟುವ ಜಾಗಗಳನ್ನು ಮೊದಲು ಅಗೆದು ನೋಡಿ. ಸೋಂಕು ಪತ್ತೆಗೆ ಬಳಸುವ ಎಚ್‌ಟುಎಸ್ ಬಾಟಲಿಗೆ ತುಂಬಿದ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ. ರಿಪೇರಿ ಆಗುವವರೆಗೆ ಕುದಿಸಿಯೇ ಕುಡಿಯಬೇಕು. ಮುಂಡರಗಿ ಕಡೆಯ ಬೋರ್‌ವೆಲ್‌ಗಳ ಫ್ಲೋರೈಡ್ ಮಾತ್ರ ಕ್ಲೋರಿನ್‌ಗೂ ಬಗ್ಗದು, ಕುದಿತಕ್ಕೂ ಬಗ್ಗದು. ಅಂಥ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅದು ಬಳಕೆಗಷ್ಟೇ. ಕುಡಿಯಲು ಶುದ್ಧೀಕರಿಸಿದ ಹೊಳೆಯ ನೀರು ಇಲ್ಲವೆ ಆರ್‌ಒ ಘಟಕದ ನೀರು.