ಮೂರಕ್ಕೆ ನೂರು: ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕೀಮು ಕೂರಿಸಿದ ನನ್ನ ಅನುಭವ

ಶಿರಸಿಯಲ್ಲಿ ನಮ್ಮದು ಎರಡು ಕೌಂಟರಿನ ದಿನಸಿ ಅಂಗಡಿ. ಬಿಲ್ಲಿಂಗು, ರೇಟು, ಸ್ಕೀಮು ಎಲ್ಲ ನಾನೇ ನೋಡುತ್ತೇನೆ. ‘ಯಾವುದೇ ಮೂರು ಸೋಪಿಗೆ ₹100’ ಅಂತ ಬೋರ್ಡು ಬರೆಯಲು ಎರಡು ನಿಮಿಷ ಸಾಕು. ಅದೇ ಮಾತು ಬಿಲ್ಲಿನಲ್ಲೂ ತಪ್ಪದೆ ಬರುವಂತೆ ಮಾಡಲು ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ಶುರು ಮಾಡಿದ್ದು 2024ರ ಮಾರ್ಚಿನಲ್ಲಿ, ಮಾರಿಕಾಂಬಾ ಜಾತ್ರೆಯ ಹೊತ್ತಿಗೆ. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊಸ ಸ್ಕೀಮಿಗೆ ಇದೇ ಒಳ್ಳೆ ಸಮಯ ಅಂದುಕೊಂಡೆ. ಅದು ತಪ್ಪು. ಹೊಸದನ್ನು ಜನ ಕಡಿಮೆ ಇರುವ ವಾರದಲ್ಲೇ ಶುರು ಮಾಡಬೇಕು.

ಆಗ ಸೋಪಿನ ಎಂಆರ್‌ಪಿ ₹38 ಇತ್ತು. ಮೂರಕ್ಕೆ ₹114 ಆಗುತ್ತಿತ್ತು, ಸ್ಕೀಮಿನಲ್ಲಿ ₹14 ಬಿಡಬೇಕಿತ್ತು. ನಾನು ಕಂಪ್ಯೂಟರಿಗೆ ‘ಮೂರು ಬಂದರೆ 14 ಕಳೆ’ ಅಂತ ಕೊಟ್ಟಿದ್ದೆ. ಜಾತ್ರೆಯ ಎರಡನೇ ದಿನ ಸಂಜೆ, ಹಿಂದೆ ಉದ್ದ ಸಾಲು ನಿಂತಿದ್ದಾಗ, ಹಳ್ಳಿಯಿಂದ ಬಂದ ಅಮ್ಮ ಒಬ್ಬರು ಬಿಲ್ಲು ಹಿಡಿದು ಕೌಂಟರಿನ ಹುಡುಗಿಗೆ ಕೇಳಿದರು: “ತಂಗೀ, ಆರು ಸೋಪಿಗೆ ಇನ್ನೂರಲ್ವಾ ಆಗ್ಬೇಕು? ಇದ್ರಲ್ಲಿ ಇನ್ನೂರ ಹದಿನಾಲ್ಕು ಬಂದಿದ್ಯಲ್ಲ?” ಅವರು ಹೇಳಿದ್ದೇ ಸರಿ. ಕಂಪ್ಯೂಟರ್ ಒಂದು ಬಿಲ್ಲಿಗೆ ಒಂದೇ ಸಲ ಕಳೆದಿತ್ತು. ಹುಡುಗಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನಾನು ಓಡಿಬಂದು ಹದಿನಾಲ್ಕು ರೂಪಾಯಿ ಕೈಗೆ ಕೊಟ್ಟು “ತಪ್ಪಾಯ್ತು ಅಮ್ಮ” ಅಂದೆ. ಅವರಿಗಿಂತ ಮುಂಚೆ ಎಷ್ಟು ಜನ ಕೇಳದೆ ಹಾಗೇ ಹೋದರೋ ಅನ್ನುವ ಯೋಚನೆಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬದಲಾಯಿಸಿದೆ: ಮೂರು ಅಥವಾ ಜಾಸ್ತಿ ತಗೊಂಡರೆ ಒಂದಕ್ಕೆ ₹33.33. ಈಗ ತಪ್ಪು ಇನ್ನೊಂದು ಕಡೆಗೆ ಹೋಯಿತು. ನಾಲ್ಕು ತಗೊಂಡವರಿಗೆ ₹138 ಆಗಬೇಕು, ಆದದ್ದು ₹133.32. ಮೂರು ಸೋಪಿಗೆ ₹99.99 ಬಂದು ರೌಂಡ್ ಆಫ್ ಆಗುವುದೂ ಒಂದು ಕಿರಿಕಿರಿ. ಸರಿಯಾದ ನಿಯಮ ಅಂದರೆ ‘ಪ್ರತಿ ಮೂರಕ್ಕೆ ಒಂದು ಸೆಟ್, ಉಳಿದದ್ದಕ್ಕೆ ಮಾಮೂಲಿ ರೇಟು’. ಆರಕ್ಕೆ 200, ಏಳಕ್ಕೆ 238. ನಮ್ಮ ಸಾಫ್ಟ್‌ವೇರಿನಲ್ಲಿ ಇದಕ್ಕೆ ಬೇರೆಯೇ ಒಂದು ಆಯ್ಕೆ ಇತ್ತು, ನಾನು ನೋಡಿರಲಿಲ್ಲ. ಕಳೆದ 14 ರೂಪಾಯಿಯನ್ನು ಅದು ಮೂರು ಸಾಲಿಗೂ ಹಂಚುತ್ತದೆ: 4.67, 4.67, 4.66. ಪೈಸೆ ಲೆಕ್ಕ ಸರಿಯಾಗಿ ಕೂರುತ್ತದೆ.

ನನ್ನ ತಲೆ ಜಾಸ್ತಿ ತಿಂದದ್ದು ‘ಯಾವುದೇ ಮೂರು’ ಅನ್ನುವ ಮಾತು. ಒಂದೇ ಸೋಪಿನಲ್ಲಿ ಹಳೇ ಸ್ಟಾಕಿಗೆ ₹38, ಹೊಸದಕ್ಕೆ ₹40 ಅಚ್ಚಾಗಿತ್ತು. ಬಾರ್‌ಕೋಡ್ ಎರಡಕ್ಕೂ ಒಂದೇ. ಒಬ್ಬರು ಏಳು ಸೋಪು ತಂದರು ಅಂತಿಟ್ಟುಕೊಳ್ಳಿ, ಅದರಲ್ಲಿ ಒಂದು ಮಾತ್ರ ₹40ರದ್ದು. ಸೆಟ್ಟಿನಿಂದ ಹೊರಗೆ ಉಳಿಯುವ ಏಳನೆಯದು ಯಾವುದು? 38ರದ್ದು ಉಳಿದರೆ ಬಿಲ್ಲು 238, 40ರದ್ದು ಉಳಿದರೆ 240. ಯಾವುದನ್ನು ಮೊದಲು ಸ್ಕ್ಯಾನ್ ಮಾಡಿದೆವೋ ಆ ಕ್ರಮದಲ್ಲೇ ನಮ್ಮ ಕಂಪ್ಯೂಟರ್ ಸೆಟ್ ಕಟ್ಟುತ್ತಿತ್ತು. ಅಂದರೆ ಅದೇ ಬುಟ್ಟಿಗೆ ಒಂದನೇ ಕೌಂಟರಿನಲ್ಲಿ ಒಂದು ಮೊತ್ತ, ಎರಡನೆಯದರಲ್ಲಿ ಇನ್ನೊಂದು. ಎರಡು ರೂಪಾಯಿ ದೊಡ್ಡದಲ್ಲ. ಆದರೆ ಅಕ್ಕ ತಂಗಿ ಬೇರೆ ಬೇರೆ ಸಾಲಿನಲ್ಲಿ ನಿಂತು ಮನೆಗೆ ಹೋಗಿ ಬಿಲ್ಲು ಹೋಲಿಸಿದರೆ ಅಂಗಡಿಯ ಮೇಲಿನ ನಂಬಿಕೆ ಹೋಗುತ್ತದೆ. ದುಬಾರಿಯದು ಮೊದಲು ಸೆಟ್ಟಿಗೆ ಸೇರಬೇಕು, ಅಗ್ಗದ್ದು ಹೊರಗೆ ಉಳಿಯಬೇಕು ಅಂತ ನಿಯಮ ಇಟ್ಟೆ. ಗಿರಾಕಿಗೆ ಲಾಭ ಆಗುವ ಕಡೆಗೇ ಲೆಕ್ಕ ಬೀಳಲಿ.

ಇನ್ನೊಂದು ತೊಂದರೆ ಕಂಪನಿಯೇ ಪ್ಲಾಸ್ಟಿಕ್ ಸುತ್ತಿ ಕಳಿಸುವ ಕಾಂಬೋ ಪ್ಯಾಕಿನದ್ದು. ಅದಕ್ಕೆ ಅದರದ್ದೇ ಬಾರ್‌ಕೋಡ್ ಇರುತ್ತದೆ. ಗಡಿಬಿಡಿಯಲ್ಲಿ ಸ್ಕ್ಯಾನರ್ ಪ್ಲಾಸ್ಟಿಕ್ಕಿನೊಳಗಿನ ಒಂಟಿ ಸೋಪಿನ ಕೋಡ್ ಓದಿಬಿಡುತ್ತದೆ. ನಾಲ್ಕು ಸೋಪಿನ ಪ್ಯಾಕು ಒಂದು ಸೋಪಿನ ಬೆಲೆಗೆ ಹೋಗುತ್ತದೆ. ಈಗ ಸ್ಟಾಕು ಬಂದ ದಿನವೇ ಒಳಗಿನ ಕೋಡ್ ಕಾಣುವಲ್ಲಿ ಸ್ಟಿಕ್ಕರ್ ಹಚ್ಚುತ್ತೇವೆ.

ತೆರಿಗೆ ವಿಷಯದಲ್ಲಿ ನಮ್ಮ ಆಡಿಟರ್ ಹೇಳಿದ ಒಂದು ಮಾತು ಉಪಯೋಗಕ್ಕೆ ಬಂತು. ಮಾರುವಾಗಲೇ ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯನ್ನು ಕಳೆದು ಉಳಿದದ್ದಕ್ಕಷ್ಟೇ ಜಿಎಸ್‌ಟಿ; ಕಾಯ್ದೆಯ 15ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಬೇರೆ ಬೇರೆ ದರದ ಸಾಮಾನನ್ನು ಒಟ್ಟು ಕಟ್ಟಿ ಒಂದೇ ಬೆಲೆಗೆ ಕೊಟ್ಟರೆ ಪೂರ್ತಿ ಕಟ್ಟಿಗೆ ಹೆಚ್ಚಿನ ದರ ಬೀಳಬಹುದು. 2025ರ ಸೆಪ್ಟೆಂಬರ್ 22ರಿಂದ ಮೈ ಸೋಪು 18ರಿಂದ 5 ಪರ್ಸೆಂಟಿಗೆ ಇಳಿಯಿತು, ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ 18ರಲ್ಲೇ ಉಳಿಯಿತು. ಹಾಗಾಗಿ ಅವೆರಡನ್ನು ನಾನು ಒಂದೇ ಸ್ಕೀಮಿಗೆ ಸೇರಿಸುವುದಿಲ್ಲ.

ಲಾಭದ ಮಾತು. ನಮಗೆ ಒಂದು ಸೋಪು ಬಿದ್ದದ್ದು ಸುಮಾರು ₹31ಕ್ಕೆ. ಮೂರನ್ನು ಎಂಆರ್‌ಪಿಗೆ ಮಾರಿದರೆ 21 ಉಳಿಯುತ್ತಿತ್ತು, ಸ್ಕೀಮಿನಲ್ಲಿ 7. ಹೀಗಾಗಿ ವರ್ಷವಿಡೀ ಇದನ್ನು ಇಡಲು ಆಗುವುದಿಲ್ಲ. ನಾನು ಇಡುವುದು ಮೇ ತಿಂಗಳಲ್ಲಿ. ಮಳೆ ಹಿಡಿಯುವ ಮೊದಲು ಹಳ್ಳಿಯವರು ಸೋಪು, ಬೆಂಕಿಪೊಟ್ಟಣ, ಊದಿನಕಡ್ಡಿ ಎಲ್ಲ ಮೂರು ತಿಂಗಳಿಗಾಗುವಷ್ಟು ತುಂಬಿಡುತ್ತಾರೆ. ಸೋಪಿಗೆ ಅಂತ ಬಂದವರು ಬೇಳೆ, ಎಣ್ಣೆ, ಸಕ್ಕರೆಯನ್ನೂ ನಮ್ಮಲ್ಲೇ ಕಟ್ಟಿಸುತ್ತಾರೆ. ಹಾಗೆ ಕಟ್ಟಿಸಿದರೆ ಮಾತ್ರ ಸ್ಕೀಮು ಗಿಟ್ಟುತ್ತದೆ.

ವಾಪಸು ತರುವವರ ಲೆಕ್ಕವನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮೂರರಲ್ಲಿ ಒಂದು ವಾಪಸು ಬಂದರೆ ಎಷ್ಟು ಕೊಡಬೇಕು? ಉಳಿದ ಎರಡಕ್ಕೆ ಪೂರ್ತಿ ರೇಟು ಹಿಡಿದರೆ 24 ರೂಪಾಯಿ ಕೊಟ್ಟರೆ ಸಾಕು. ಆದರೆ ಬಿಲ್ಲಿನ ಸಾಲಿನಲ್ಲಿ 33.33 ಅಂತ ಕಾಣುತ್ತಿರುವಾಗ ಯಾರು ಒಪ್ಪುತ್ತಾರೆ? ನಾವು ಅದೇ ಸ್ಕೀಮಿನ ಬೇರೆ ಸೋಪು ಕೊಡುತ್ತೇವೆ. ಬೋರ್ಡಿನ ಕೆಳಗೇ ಹಾಗಂತ ಬರೆದಿದ್ದೇವೆ.

ಈಗ ಯಾವ ಸ್ಕೀಮು ಹಾಕಿದರೂ ಹಿಂದಿನ ದಿನ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ಕೂರುತ್ತೇವೆ. ಉತ್ತರವನ್ನು ಮೊದಲು ಕಾಗದದ ಮೇಲೆ ಬರೆಯುತ್ತೇನೆ, ಆಮೇಲೆ ಬಿಲ್ಲು ಹೊಡೆಯುತ್ತೇವೆ. ಎರಡು, ಮೂರು, ನಾಲ್ಕು, ಆರು, ಏಳು ಸೋಪಿಗೆ. ಹಳೇ ರೇಟು ಹೊಸ ರೇಟು ಬೆರೆಸಿ ಒಮ್ಮೆ. ಮೂರು ಸಲ ಸ್ಕ್ಯಾನ್ ಮಾಡಿ ಒಮ್ಮೆ, ಒಂದೇ ಸಲ ಸ್ಕ್ಯಾನ್ ಮಾಡಿ ‘3’ ಅಂತ ಒತ್ತಿ ಒಮ್ಮೆ. ಸೆಟ್ ಆದ ಮೇಲೆ ಒಂದನ್ನು ತೆಗೆದು ನೋಡುತ್ತೇವೆ, ಬಿಲ್ಲಿನಿಂದ 14 ರೂಪಾಯಿಯ ಕಡಿತವೂ ಹೋಗಬೇಕು. ಕೌಂಟರಿನ ಇಬ್ಬರು ಹುಡುಗಿಯರೂ ತಮ್ಮ ಕೈಯಾರೆ ಇದನ್ನು ಮಾಡುತ್ತಾರೆ. ಬಿಲ್ಲಿನಲ್ಲಿ ‘ಸ್ಕೀಮು ಕಡಿತ’ ಅನ್ನುವ ಸಾಲು ದಪ್ಪ ಅಕ್ಷರದಲ್ಲಿ ಬರುತ್ತದೆ. ದುಡ್ಡು ತಗೊಳ್ಳುವ ಮೊದಲು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ: “ಅಕ್ಕಾ, ಇಲ್ಲಿ ನೋಡಿ, ಇಪ್ಪತ್ತೆಂಟು ರೂಪಾಯಿ ಕಳೆದಿದೆ.”