ಮೊದಲು ಚಪ್ಪಾಳೆ, ಆಮೇಲೆ ಚರಿತ್ರೆ: ಜಾಝ್ ಪಾಠದ ನನ್ನ ಅನುಭವ

ನ್ಯೂಜೆರ್ಸಿಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ 9 ವರ್ಷದಿಂದ ಮ್ಯೂಸಿಕ್ ಅಪ್ರಿಸಿಯೇಶನ್ ಪಾಠ ಮಾಡುತ್ತಿದ್ದೇನೆ. ಸಂಗೀತ ಕಲಿಯದವರಿಗೆ ಸಂಗೀತ ಕೇಳೋದು ಹೇಗೆ ಅಂತ ತೋರಿಸುವ ಕೆಲಸ ಅದು. ಕ್ಲಾಸಿನಲ್ಲಿ ನರ್ಸಿಂಗ್ ಓದುವವರಿರುತ್ತಾರೆ, ಅಕೌಂಟಿಂಗ್ ಓದುವವರಿರುತ್ತಾರೆ, ರಾತ್ರಿಯೆಲ್ಲ ಗೋಡೌನಿನಲ್ಲಿ ಡ್ಯೂಟಿ ಮುಗಿಸಿ ಸೀದಾ ಬಂದು ಕೂರುವವರೂ ಇರುತ್ತಾರೆ. ಅರ್ಧ ಸೆಮಿಸ್ಟರ್ ಪೂರ್ತಿ ಜಾಝ್ ಮತ್ತು 20ನೇ ಶತಮಾನದ ಅಮೆರಿಕನ್ ಕ್ಲಾಸಿಕಲ್. ನಾನು ಕಲಿತದ್ದು ಮೈಸೂರಿನಲ್ಲಿ, ಕರ್ನಾಟಕ ಸಂಗೀತದ ಪಿಟೀಲು. ಜಾಝ್ ಹಚ್ಚಿಕೊಂಡದ್ದು ಇಲ್ಲಿಗೆ ಬಂದ ಮೇಲೆ.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೇ ಮಾಡಿದೆ. ಗುಲಾಮರು ಸೇರಿ ಹಾಡಿ ಕುಣಿಯುತ್ತಿದ್ದ ನ್ಯೂ ಆರ್ಲಿಯನ್ಸ್‌ನ ಕಾಂಗೋ ಸ್ಕ್ವೇರ್ ಮೈದಾನದಿಂದ ಶುರು, ಆಮೇಲೆ ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಕೊನೆಗೆ 1940ರ ದಶಕದ ಬಿರುಸಿನ ಜಾಝ್ ಆದ ಬೀಬಾಪ್. ಸಾಲಾಗಿ ಸ್ಲೈಡುಗಳು, ನಡುನಡುವೆ ಒಂದೊಂದು ನಿಮಿಷದ ಹಾಡು. ಪರೀಕ್ಷೆಯಲ್ಲಿ ಆರ್ಮ್‌ಸ್ಟ್ರಾಂಗ್ ಅವರ 'ವೆಸ್ಟ್ ಎಂಡ್ ಬ್ಲೂಸ್' ಹಾಕಿ, ಕೇಳಿದ್ದನ್ನ ಬರೆಯಿರಿ ಅಂದೆ. ಒಬ್ಬಳು 'ಲೂಯಿ ಆರ್ಮ್‌ಸ್ಟ್ರಾಂಗ್, ಶಿಕಾಗೋ, ಜೂನ್ 28, 1928' ಅಂತ ತಾರೀಖಿನ ಸಮೇತ ಬರೆದಿದ್ದಳು. ಆದರೆ ಹಾಡು ಶುರುವಾಗೋದೇ ಒಂಟಿ ಟ್ರಂಪೆಟ್‌ನಿಂದ, ಜೊತೆಗೆ ಬೇರೆ ಯಾವ ವಾದ್ಯವೂ ಇಲ್ಲ. ಆ ಮಾತೇ ಅವಳ ಉತ್ತರದಲ್ಲಿ ಇರಲಿಲ್ಲ. ತಪ್ಪು ಅವಳದಲ್ಲ. ನಾನು ಕಲಿಸಿದ್ದೇ ತಾರೀಖು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಯಾವುದೇ ಸಂಗೀತ ಹಾಕುವ ಮುಂಚೆ ಕಿವಿಗೆ ಒಂದು ಕೆಲಸ ಕೊಡಬೇಕು, ಒಂದೇ ಕೆಲಸ. ಕಥೆ, ಇಸವಿ, ಹೆಸರು ಎಲ್ಲ ಆಮೇಲೆ.

ಈಗ ಮೊದಲ ದಿನ ನಾನು ಶುರು ಮಾಡೋದು ಚಪ್ಪಾಳೆಯಿಂದ. ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ ಅವರ 'ಕ್ಲ್ಯಾಪಿಂಗ್ ಮ್ಯೂಸಿಕ್', 1972ರದು. ವಾದ್ಯ ಇಲ್ಲ, ಇಬ್ಬರ ಕೈ ಸಾಕು. ಇಡೀ ರಚನೆ ಒಂದೇ ಸಾಲಿನಲ್ಲಿದೆ: ಮೂರು ಚಪ್ಪಾಳೆ, ಒಂದು ಬಿಡುವು; ಎರಡು, ಬಿಡುವು; ಒಂದು, ಬಿಡುವು; ಎರಡು, ಬಿಡುವು. ಒಟ್ಟು 12 ಅಕ್ಷರ, ಅಂದ್ರೆ ತಾಳದ 12 ಎಣಿಕೆ, ಅದರಲ್ಲಿ 8 ಚಪ್ಪಾಳೆ. ನಾನು ಇದನ್ನ ಬೋರ್ಡಿನ ಮೇಲೆ ಬರೆಯೋದಿಲ್ಲ, ಮೃದಂಗದ ಪಾಠದ ಹಾಗೆ ಬಾಯಲ್ಲಿ ಹೇಳಿಸುತ್ತೇನೆ: 'ತಕಿಟ - ತಕ - ತ - ತಕ -'. ಐದು ನಿಮಿಷದಲ್ಲಿ ಇಡೀ ಕ್ಲಾಸಿಗೆ ಬಾಯಿಪಾಠ ಆಗಿಬಿಡುತ್ತದೆ.

ಆಮೇಲೆ ಎರಡು ಗುಂಪು. ಮೊದಲ ಗುಂಪು ಕೊನೆಯವರೆಗೂ ಅದನ್ನೇ ತಟ್ಟಬೇಕು, ಬದಲಾಯಿಸುವ ಹಾಗಿಲ್ಲ. ಎರಡನೇ ಗುಂಪು ಸ್ವಲ್ಪ ಹೊತ್ತು ಜೊತೆಗೆ ತಟ್ಟಿ, ಆಮೇಲೆ ಅದೇ ಸಾಲನ್ನ ಒಂದಕ್ಷರ ಮುಂದಿನಿಂದ ಶುರು ಮಾಡಬೇಕು. ಇನ್ನು ಸ್ವಲ್ಪ ಹೊತ್ತಿಗೆ ಮತ್ತೊಂದು ಅಕ್ಷರ. ಹೀಗೆ 12 ಸಲ ಸರಿದರೆ ಇಬ್ಬರೂ ಮತ್ತೆ ಒಂದಾಗುತ್ತಾರೆ. ಕೇಳೋಕೆ ಸುಲಭ, ಅಲ್ವಾ? ಮೊದಲನೇ ಸರಿತದಲ್ಲೇ ಎರಡನೇ ಗುಂಪು ಮೊದಲನೇ ಗುಂಪಿನ ಹಿಂದೆ ಎಳೆದುಕೊಂಡು ಹೋಗುತ್ತದೆ. ಪ್ರತಿ ವರ್ಷ ಇದೇ ಕಥೆ. ನನಗೆ ಕೆಲಸಕ್ಕೆ ಬಂದ ಉಪಾಯ ಏನಂದ್ರೆ, ಎರಡನೇ ಗುಂಪಿನವರು ಎದುರಿನವರ ಕೈ ನೋಡಬಾರದು, ಕಣ್ಣು ನೆಲದ ಮೇಲಿರಬೇಕು, ಬಾಯಲ್ಲಿ ತಮ್ಮ ಪಾಠ ನಿಲ್ಲಿಸಬಾರದು. ಮೂರೋ ನಾಲ್ಕೋ ಸರಿತದವರೆಗೆ ಬಂದರೆ ನನಗೆ ಸಂತೋಷ. ಹನ್ನೆರಡೂ ಮುಗಿಸಿದ ಕ್ಲಾಸು ಇದುವರೆಗೂ ಸಿಕ್ಕಿಲ್ಲ.

ಆಗ ರೆಕಾರ್ಡಿಂಗ್ ಹಾಕುತ್ತೇನೆ. ಅವರು ಕೂರುವ ಭಂಗಿಯೇ ಬದಲಾಗಿರುತ್ತದೆ. ಎಲ್ಲಿ ಸರಿಯುತ್ತದೆ ಅಂತ ಕಾಯುತ್ತಿರುತ್ತಾರೆ, ಸರಿದ ತಕ್ಷಣ ಒಂದಿಬ್ಬರ ತಲೆ ಆಡುತ್ತದೆ. ರೈಶ್ 1970ರಲ್ಲಿ ಘಾನಾಕ್ಕೆ ಹೋಗಿ ಡ್ರಮ್ ಕಲಿತು ಬಂದವರು ಅಂತ ಆಮೇಲೆ ಹೇಳಿದರೆ, ಅಲ್ಲಿನ ಡ್ರಮ್ ಹಾಕಿ ಸರ್ ಅಂತ ಅವರೇ ಕೇಳುತ್ತಾರೆ.

ಜಾಝ್‌ನ ಬೇರಾದ, ಕಪ್ಪು ಅಮೆರಿಕನ್ನರ ಹಾಡಿನ ರೂಪ ಬ್ಲೂಸ್‌ಗೆ ನನ್ನ ಅಜ್ಜಿ ಜಪ ಎಣಿಸುತ್ತಿದ್ದ ರೀತಿ ಸಹಾಯಕ್ಕೆ ಬಂತು. ಬ್ಲೂಸ್‌ನ ಒಂದು ಸುತ್ತು 12 ಬಾರ್, ನಾಲ್ಕು ನಾಲ್ಕರ ಮೂರು ಸಾಲು. ಬಾರ್ ಅಂದ್ರೆ ಇಲ್ಲಿ ನಾಲ್ಕು ಎಣಿಕೆಯ ಒಂದು ತುಂಡು. ಹೆಬ್ಬೆರಳು ಬಿಟ್ಟರೆ ಕೈಯಲ್ಲಿ ನಾಲ್ಕು ಬೆರಳು, ಒಂದೊಂದರಲ್ಲಿ ಮೂರು ಗೆಣ್ಣು. ಹೆಬ್ಬೆರಳನ್ನ ಮೇಲಿನ ಸಾಲಿನ ಗೆಣ್ಣುಗಳ ಮೇಲೆ ನಡೆಸಿದರೆ ಮೊದಲ ನಾಲ್ಕು ಬಾರ್, ನಡುವಿನ ಸಾಲು ಎರಡನೇ ನಾಲ್ಕು, ಕೆಳಗಿನ ಸಾಲು ಕೊನೇ ನಾಲ್ಕು. ಮೇಲಿನ ಸಾಲು ಮನೆ. ನಡುವಿನ ಸಾಲಿನಲ್ಲಿ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಮನೆ ಬಿಟ್ಟು ಹೊರಗೆ ಹೋಗಿ ವಾಪಸ್ ಬರುತ್ತದೆ. ಕೆಳಗಿನ ಸಾಲಿನಲ್ಲಿ ಇನ್ನೂ ದೂರ ಹೋಗಿ ಮತ್ತೆ ಮನೆ ಸೇರುತ್ತದೆ. ಕೀಬೋರ್ಡಿನಲ್ಲಿ ಇಷ್ಟನ್ನೇ ಹತ್ತು ಹನ್ನೆರಡು ಸಲ ನುಡಿಸುತ್ತೇನೆ, ಅವರು ಹೆಬ್ಬೆರಳು ನಡೆಸುತ್ತಾರೆ.

ಆಮೇಲೆ ಅದೇ 'ವೆಸ್ಟ್ ಎಂಡ್ ಬ್ಲೂಸ್'. ಒಂಟಿ ಟ್ರಂಪೆಟ್ ಮುಗಿದು ತಂಡ ಸೇರಿಕೊಂಡ ಕೂಡಲೇ ಬೆರಳು ಶುರು. ಒಂದು ಸುತ್ತು ಟ್ರಂಪೆಟ್, ಇನ್ನೊಂದು ಟ್ರಾಂಬೋನ್, ಮುಂದಿನದರಲ್ಲಿ ಕ್ಲ್ಯಾರಿನೆಟ್ ಮತ್ತು ಆರ್ಮ್‌ಸ್ಟ್ರಾಂಗ್ ಪದವಿಲ್ಲದೆ ಹಾಡುವ ದನಿ, ಅದಾದ ಮೇಲೆ ಅರ್ಲ್ ಹೈನ್ಸ್ ಪಿಯಾನೊ. ಕೊನೆ ಸುತ್ತಿನ ಹೊತ್ತಿಗೆ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಎತ್ತಿ ಮೇಲಿನ ಒಂದು ಸ್ವರ ಹಿಡಿಯುತ್ತಾರೆ, ಹಿಡಿದೇ ಇರುತ್ತಾರೆ. ಹೆಬ್ಬೆರಳು ಒಂದು ಗೆಣ್ಣು ದಾಟುತ್ತದೆ, ಎರಡು, ಮೂರು, ಹೆಚ್ಚುಕಮ್ಮಿ ಇಡೀ ಮೇಲಿನ ಸಾಲು ಅದೇ ಒಂದು ಸ್ವರ. ಕಳೆದ ವರ್ಷ ಆ ಜಾಗಕ್ಕೆ ಬಂದಾಗ ಗೋಡೌನಿನಲ್ಲಿ ಕೆಲಸ ಮಾಡುವ ಹುಡುಗ ತನ್ನ ಕೈಯನ್ನೇ ನೋಡುತ್ತಾ, 'ಇನ್ನೂ ಬಿಟ್ಟಿಲ್ಲ!' ಅಂತ ಮೆಲ್ಲಗೆ ಅಂದ. ಸ್ಲೈಡ್ ತೋರಿಸಿ ಇದನ್ನ ಕಲಿಸೋಕೆ ಆಗಲ್ಲ.

ಇಲ್ಲಿ ನನ್ನ ಇನ್ನೊಂದು ತಪ್ಪು ಹೇಳಬೇಕು. ಜಾಝ್ ಅಂದ್ರೆ ಆ ಕ್ಷಣಕ್ಕೆ ಕಲ್ಪಿಸಿಕೊಂಡು ನುಡಿಸುವ ನಮ್ಮ ಮನೋಧರ್ಮ ಸಂಗೀತವೇ ಅಂತ ಸುಮಾರು ದಿನ ಹೇಳುತ್ತಿದ್ದೆ. ಹಾಗಲ್ಲ. ನಮ್ಮಲ್ಲಿ ತಂಬೂರಿ ಒಂದೇ ಷಡ್ಜ ಹಿಡಿದು ನಿಂತಿರುತ್ತದೆ, ರಾಗ ಅದರ ಮೇಲೆ ಬೆಳೆಯುತ್ತದೆ. ಜಾಝ್‌ನಲ್ಲಿ ಸಾಮಾನ್ಯವಾಗಿ ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆ, ಒಂದು ಬಾರ್‌ಗೆ ಒಂದು, ಕೆಲವು ಸಲ ಎರಡು ಕಾರ್ಡ್. ನುಡಿಸುವವರು ಆ ಸರಿಯುವ ನೆಲದ ಮೇಲೆ ಹೆಜ್ಜೆ ಇಡುತ್ತಾ ಹೋಗಬೇಕು. ಎರಡನ್ನೂ ಒಂದೇ ಅಂದುಬಿಟ್ಟರೆ ಎರಡೂ ಅರ್ಥ ಆಗೋದಿಲ್ಲ.

ಅದಕ್ಕೇ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಸೋ ವಾಟ್' ನನಗೆ ಇಷ್ಟು ಉಪಯೋಗಕ್ಕೆ ಬರುತ್ತದೆ. 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ಹಾಡು. ಅದರಲ್ಲಿ ನೆಲ ಬೇಗ ಸರಿಯೋದಿಲ್ಲ. 16 ಬಾರ್ ಒಂದೇ ಕಡೆ, 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಮೊದಲಿನ ಜಾಗ. ಸ್ವರಗಳು ನೋಡಿದರೆ ನಮ್ಮ ಖರಹರಪ್ರಿಯದ ಆರೋಹಣ. ರಾಗ ಅಲ್ಲ, ಸ್ವರವನ್ನ ತೂಗಿ ಬಾಗಿಸುವ ಗಮಕ ಇಲ್ಲ, ಆದರೆ ಸ್ವರಸ್ಥಾನಗಳು ಅವೇ. ನಾನು ಕೊಡುವ ಕೆಲಸ: ನೆಲ ಮೇಲೇರಿದಾಗ ಕೈ ಎತ್ತಿ, ಇಳಿದಾಗ ಇಳಿಸಿ. ಮೊದಲ ಸಲ ಒಬ್ಬೊಬ್ಬರದು ಒಂದೊಂದು ಕಡೆ. ಮೂರನೇ ಸಲಕ್ಕೆ ಸ್ಯಾಕ್ಸೋಫೋನಿನಲ್ಲಿ ಜಾನ್ ಕೋಲ್ಟ್ರೇನ್ ಎಷ್ಟೇ ಜೋರಾಗಿ ಸ್ವರ ಸುರಿಯುತ್ತಿದ್ದರೂ 20 ಕೈ ಒಟ್ಟಿಗೆ ಏಳುತ್ತವೆ. ಇದು ಬರೀ ಗಲಾಟೆ ಅಂದಿದ್ದ ನರ್ಸಿಂಗ್ ಹುಡುಗಿಯ ಕೈಯೂ ಅದರಲ್ಲಿತ್ತು.

ಕೈಗಳು ಸರಿಯಾಗಿ ಏಳೋಕೆ ಶುರುವಾದ ಮೇಲೆಯೇ ನಾನು ಚರಿತ್ರೆಗೆ ಬರೋದು. ಈ ಆಲ್ಬಮ್ ಅಂಗಡಿಗೆ ಬಂದ ಅದೇ ಆಗಸ್ಟ್ ತಿಂಗಳಲ್ಲಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಎದುರು ಮೈಲ್ಸ್ ಡೇವಿಸ್ ತಲೆಗೆ ಪೊಲೀಸರು ಹೊಡೆದರು. ಅವತ್ತು ರಾತ್ರಿ ಒಳಗೆ ನುಡಿಸುತ್ತಿದ್ದವರು ಅವರೇ. ಕಾರ್ಯಕ್ರಮದ ನಡುವೆ ಗಾಳಿಗೆ ಹೊರಗೆ ನಿಂತಿದ್ದರು, ಇಲ್ಲಿ ನಿಲ್ಲಬೇಡ ನಡೆ ಅಂದರಂತೆ ಪೊಲೀಸರು. ರಕ್ತ ಬಿದ್ದ ಕೋಟಿನಲ್ಲಿ ಅವರು ನಿಂತಿರುವ ಫೋಟೊ ಇದೆ, ಅದೊಂದನ್ನ ತೋರಿಸುತ್ತೇನೆ. ಮೊದಲ ವರ್ಷ ಇದನ್ನೇ ಪಾಠದ ಶುರುವಿನಲ್ಲಿ ಹೇಳಿದ್ದೆ, ಮಕ್ಕಳು ಬರೆದುಕೊಂಡು ಸುಮ್ಮನಾದರು. ಈಗ ಒಂದು ಗಂಟೆ ಆ ಮನುಷ್ಯನ ಉಸಿರು ಕೇಳಿದ ಮೇಲೆ ಹೇಳುತ್ತೇನೆ. ಯಾರೂ ಬರೆದುಕೊಳ್ಳೋದಿಲ್ಲ. ಕಪ್ಪು ಮಕ್ಕಳು ತಮ್ಮ ಮನೆಯ ಮಾತು ತೆಗೆಯುತ್ತಾರೆ, ಉಳಿದವರು ಕೇಳುತ್ತಾರೆ. ಅವತ್ತು ಸ್ಲೈಡ್ ಮುಗಿಸುವ ಅವಸರ ನನಗಿರೋದಿಲ್ಲ.

ಅಮೆರಿಕದ ರಚನಕಾರ ಜಾನ್ ಕೇಜ್ ಅವರ '4′33″' (4 ನಿಮಿಷ 33 ಸೆಕೆಂಡು) ವಿಷಯದಲ್ಲೂ ಮೊದಲೇ ವಿವರಿಸಿ ಕೆಡಿಸಿದ್ದೆ. ನುಡಿಸುವವರು ನುಡಿಸದೇ ಕೂರುವ ರಚನೆ ಅಂದ ತಕ್ಷಣ ನಗು. ಈಗ ಏನೂ ಹೇಳೋದಿಲ್ಲ. ಕೇಳಿದ್ದನ್ನೆಲ್ಲ ಬರೆಯಿರಿ ಅಂದು ಕಾಗದ ಹಂಚಿ, ಪಿಯಾನೊ ಮುಚ್ಚಳ ಮುಚ್ಚಿ, ಗಡಿಯಾರ ಹಿಡಿದು ಕೂರುತ್ತೇನೆ. 33 ಸೆಕೆಂಡು ಆದ ಮೇಲೆ ಒಮ್ಮೆ ಮುಚ್ಚಳ ತೆಗೆದು ಮುಚ್ಚುತ್ತೇನೆ, ಆಮೇಲೆ 2 ನಿಮಿಷ 40 ಸೆಕೆಂಡು, ಕೊನೆಗೆ 1 ನಿಮಿಷ 20. 1952ರ ಆಗಸ್ಟಿನಲ್ಲಿ ವುಡ್‌ಸ್ಟಾಕ್‌ನಲ್ಲಿ ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಮೊದಲ ಸಲ ಮಾಡಿದ್ದೂ ಹೀಗೇ, ಮುಚ್ಚಳ ತೆಗೆದು ಮುಚ್ಚಿ. ಹೀಟರಿನ ಗುಂಯ್, ಕಾರಿಡಾರಿನಲ್ಲಿ ಬೀಗದ ಕೈ, ಪಕ್ಕದವಳ ಪೆನ್ನು, ಯಾರದೋ ಹೊಟ್ಟೆ. ಒಬ್ಬ 23 ಶಬ್ದ ಬರೆದಿದ್ದ. ಮೊದಲ ಭಾಗದಲ್ಲಿ ಗಾಳಿ, ಎರಡನೆಯದರಲ್ಲಿ ಮಾಡಿನ ಮೇಲೆ ಮಳೆ ಕೇಳಿಸಿತು ಅಂತ ಕೇಜ್ ಮುಂದೆ ಹೇಳಿದ್ದನ್ನ ಆಗ ಹೇಳುತ್ತೇನೆ. ನಮ್ಮ ಗೀತಾ ಸಾರಾಭಾಯಿ 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಕೇಜ್‌ಗೆ ಭಾರತದ ಸಂಗೀತ ಹೇಳಿಕೊಟ್ಟಿದ್ದರು. ಸಂಗೀತ ಇರೋದು ಮನಸ್ಸನ್ನ ಶಾಂತ ಮಾಡೋಕೆ ಅಂತ ಅವರು ಹೇಳಿದ್ದು ಕೇಜ್ ಮನಸ್ಸಿನಲ್ಲಿ ಕೊನೆವರೆಗೂ ಉಳಿದಿತ್ತು.

ಕೊನೆಯ ಕ್ಲಾಸಿಗೆ 'ಕಿನ್ಸ್‌ಮೆನ್' ಹಾಕುತ್ತೇನೆ, 2008ರ ಆಲ್ಬಮ್. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ, ಜೊತೆಗೆ ನಮ್ಮ ಕದ್ರಿ ಗೋಪಾಲನಾಥ್. ಇಬ್ಬರದೂ ಆಲ್ಟೋ ಸ್ಯಾಕ್ಸೋಫೋನ್, ಒಂದೇ ವಾದ್ಯ. ಹೆಸರು ಹೇಳದೆ ಇಷ್ಟೇ ಕೇಳುತ್ತೇನೆ: ಸ್ಯಾಕ್ಸೋಫೋನ್ ನುಡಿಸುತ್ತಿರುವವರು ಎಷ್ಟು ಜನ, ಹೇಗೆ ಗೊತ್ತಾಯ್ತು? ಕಳೆದ ಸಲ ಅಕೌಂಟಿಂಗ್ ಹುಡುಗಿಯೊಬ್ಬಳು ಬರೆದ ಉತ್ತರ ನನ್ನ ಹತ್ತಿರ ಇನ್ನೂ ಇದೆ: 'ಇಬ್ಬರು. ಒಬ್ಬರು ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತುತ್ತಾರೆ, ಇನ್ನೊಬ್ಬರು ನಡುವಿನ ಜಾಗದಲ್ಲೂ ಏನೋ ಮಾಡುತ್ತಾರೆ.' ಗಮಕ ಅನ್ನೋ ಪದ ಅವಳಿಗೆ ನಾನು ಹೇಳಿಯೇ ಇರಲಿಲ್ಲ.